ಎಮ್ಮಿಗಡ್ಡಿಗೆ ಮುಟ್ಟುವ ದನಿ

ಹಳೇಕುಂಟಿ ಪಂಚಾಯಿತಿಯ ಜೀಪಿನ ಮೇಲೆ ಕೂರಿಸಿದ್ದ ಸೈರನ್ ಕೂಗಿದರೆ ಬೀದಿಯ ನಾಯಿ ಕೂಡ ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಅಧ್ಯಕ್ಷ ಹಂಪಣ್ಣ ಅದನ್ನು ಕೊಪ್ಪಳದ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದ. ಡಬ್ಬಿಯ ಮೇಲೆ ನೂರು ವ್ಯಾಟ್ ಎಂದು ಅಚ್ಚಾಗಿತ್ತು. ಊರಿನ ರೇಡಿಯೊ ರಿಪೇರಿಯ ವಿರುಪಣ್ಣ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿ, ಇಷ್ಟು ಹಗುರವಾದ ಡಬ್ಬಿ ಮೂವತ್ತನ್ನು ದಾಟುವುದಿಲ್ಲ ಎಂದು ಅಂದೇ ಹೇಳಿದ್ದ.

"ಸೈರನ್ನೂ ಹೌದು, ಮೈಕೂ ಹೌದು. ಎರಡೂ ಒಂದರಾಗ ಅದಾವ ನೋಡು," ಎಂದು ಹಂಪಣ್ಣ ಹಿಗ್ಗಿದ್ದ.

"ಎರಡೂ ಅರ್ಧರ್ಧ ಅದಾವ್ರಿ," ಎಂದಿದ್ದ ವಿರುಪಣ್ಣ.

ಹಳೇಕುಂಟಿ ಗಂಗಾವತಿ ತಾಲೂಕಿನ ಅಂಚಿನಲ್ಲಿ, ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಗೆ ಅಂಟಿಕೊಂಡಿರುವ ಊರು. ಅಣೆಕಟ್ಟಿನ ಬಾಗಿಲು ಎತ್ತಿದರೆ ನೀರು ಸರಿಯಾಗಿ ಒಂದು ತಾಸಿಗೆ ಊರ ಮುಂದೆ ಬರುತ್ತದೆ. ಬಾಗಿಲು ಎತ್ತುವ ಹತ್ತು ನಿಮಿಷ ಮೊದಲು ಪಂಚಾಯಿತಿಗೆ ಫೋನ್ ಬರುತ್ತದೆ. ಆಗ ಜೀಪು ದಂಡೆಯ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಓಡುತ್ತ, ಸೈರನ್ ಕೂಗಿಸುತ್ತ, ಬಟ್ಟೆ ಒಗೆಯುವವರನ್ನೂ ದನದ ಮೈ ತೊಳೆಯುವವರನ್ನೂ ಹೊಳೆಯ ನಡುವಿನ ಗಡ್ಡಿಗಳಲ್ಲಿ ಕೆಲಸಕ್ಕೆ ಹೋದವರನ್ನೂ ಎಬ್ಬಿಸಬೇಕು. ದಂಡೆಯಲ್ಲಿದ್ದವರಿಗೆ ಜೀಪು ಕಣ್ಣಿಗೆ ಬೀಳುತ್ತಿತ್ತು. ಸೈರನ್ ಕೇಳಿಸದಿದ್ದರೂ ಅವರು ಏಳುತ್ತಿದ್ದರು. ಗಡ್ಡಿಯಲ್ಲಿದ್ದವರಿಗೆ ಆಳೆತ್ತರದ ಜೇಕು ಹುಲ್ಲು ಅಡ್ಡ ಬರುತ್ತಿತ್ತು. ಅವರಿಗೆ ಇದ್ದದ್ದು ಕಿವಿಯೊಂದೇ.

ಹಾಗೆ ಎಮ್ಮಿಗಡ್ಡಿ ಎಂಬ ನಡುಗಡ್ಡೆಗೆ ಹೋಗಿ ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದವರಲ್ಲಿ ವಿರುಪಣ್ಣನ ಅಕ್ಕ ದುರುಗವ್ವ ಒಬ್ಬಳು. ಇಪ್ಪತ್ತೆರಡು ವರ್ಷ ಗಂಗಾವತಿ ರಸ್ತೆಯ ಅಕ್ಕಿ ಗಿರಣಿಯಲ್ಲಿ, ಭತ್ತ ಬಡಿಯುವ ಯಂತ್ರದಿಂದ ನಾಲ್ಕು ಮಾರು ದೂರದಲ್ಲಿ ನಿಂತು ದುಡಿದವಳು. ಆ ಯಂತ್ರ ಅವಳ ಕಿವಿಯನ್ನು ಪೂರ್ತಿ ತೆಗೆದುಕೊಳ್ಳಲಿಲ್ಲ. ಮೇಲಿನ ಅರ್ಧವನ್ನು ತೆಗೆದುಕೊಂಡಿತು. ಗಂಡಸರ ಮಾತು ಅವಳಿಗೆ ಕೇಳಿಸುತ್ತಿತ್ತು. ಬಂಡಿಯ ಗಾಲಿಯ ಸದ್ದು, ಡೊಳ್ಳಿನ ಸದ್ದು, ಗುಡುಗು ಕೇಳಿಸುತ್ತಿದ್ದವು. ಹೆಂಗಸರ ಮಾತು, ಮಕ್ಕಳ ಅಳು, ಹಕ್ಕಿಯ ದನಿ ಅವಳ ಮಟ್ಟಿಗೆ ಇಲ್ಲವಾಗಿದ್ದವು.

"ಹೆಂಗಸರ ಚಾಡಿ ಕಿವ್ಯಾಗ ಬೀಳಂಗಿಲ್ಲ. ನನ್ನಷ್ಟು ಪುಣ್ಯವಂತಿ ಈ ಊರಾಗ ಯಾರದಾರ?" ಎಂದು ಅವಳೇ ನಗುತ್ತಿದ್ದಳು.

ಅವಳ ಜೊತೆಗಾತಿ ಶಾಹಜಾದಬಿ. ಅಂಬಿಗರ ಹಾಗೆ ಹರಗೋಲು ನಡೆಸಬಲ್ಲವಳು. ಬೆಳಿಗ್ಗೆ ಇಬ್ಬರೂ ಅವಳ ಹರಗೋಲಿನಲ್ಲಿ ಗಡ್ಡಿಗೆ ಹೋಗುವುದು, ಇಳಿಹೊತ್ತಿಗೆ ಮರಳುವುದು. ಸೈರನ್ ಕೂಗಿದರೆ ಶಾಹಜಾದಬಿ ಕಿವಿಗೊಟ್ಟು ಕೇಳಿ ದುರುಗವ್ವನ ಭುಜ ತಟ್ಟುತ್ತಿದ್ದಳು. ಹಿಂದಿನ ವರ್ಷ ಒಂದು ದಿನ ಶಾಹಜಾದಬಿಗೆ ಜ್ವರ. ಬೇರೊಬ್ಬನ ಹರಗೋಲಿನಲ್ಲಿ ದುರುಗವ್ವ ಒಬ್ಬಳೇ ಗಡ್ಡಿಗೆ ಹೋಗಿದ್ದಳು. ಅಂದೇ ನೀರು ಬಿಟ್ಟರು. ಜೀಪು ದಂಡೆಯ ಮೇಲೆ ಅರ್ಧ ತಾಸು ಒದರಿತು. ಮೀನಿನ ಬಲೆ ಎತ್ತಲು ಆ ಕಡೆ ಹೋಗಿದ್ದವನೊಬ್ಬ ಅವಳನ್ನು ಕಂಡು ಹರಗೋಲಿಗೆ ಎಳೆದುಕೊಂಡಿದ್ದ.

"ಸೈರನ್ ಒದರಿದ್ದು ಕೇಳಸ್ಲೇ ಇಲ್ಲೇನ ಅಕ್ಕಾ?" ಎಂದು ವಿರುಪಣ್ಣ ಅಂದು ಕೇಳಿದ.

"ಒದರಿತ್ತೇನ? ನಂಗ ಕಾಲಿಗೆ ತಣ್ಣಗಾತು, ಆವಾಗ ತಿಳೀತು," ಎಂದು ಅವಳು ಸೀರೆಯ ಅಂಚು ಹಿಂಡುತ್ತ ನಕ್ಕಳು.

ವಿರುಪಣ್ಣ ನಗಲಿಲ್ಲ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಅವಳಿಗೆ ಒಂಬತ್ತು. ಅವನನ್ನು ಸೊಂಟದ ಮೇಲೆ ಹೊತ್ತು ಕೂಲಿಗೆ ಹೋದವಳು ಅವಳು. ಗಡ್ಡಿಗೆ ಹೋಗಬೇಡ ಎಂದು ಅವನು ಎರಡು ಸಲ ಹೇಳಿದ. ಮನೆಯಲ್ಲಿ ಕೂತರೆ ಕಿವಿಯ ಜೊತೆಗೆ ಕಾಲೂ ಹೋಗುತ್ತವೆ ಎಂದು ಅವಳು ಎರಡು ಸಲವೂ ಒಂದೇ ಉತ್ತರ ಕೊಟ್ಟಳು. ಮೂರನೆಯ ಸಲ ಅವನು ಹೇಳಲಿಲ್ಲ. ಅಕ್ಕನನ್ನು ನಿಲ್ಲಿಸಲಾಗದಿದ್ದರೆ ದನಿಯನ್ನು ಅವಳ ತನಕ ಮುಟ್ಟಿಸಬೇಕು ಎಂದು ತೀರ್ಮಾನ ಮಾಡಿಕೊಂಡ.

ಅವನಿಗೆ ಆಗ ಐವತ್ಮೂರು ವರ್ಷ. ಹರೆಯದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಕುಷ್ಟಗಿ, ಯಲಬುರ್ಗಾ, ಕುಕನೂರಿನ ತನಕ ಮದುವೆಯ ಹಂದರಗಳಿಗೆ ಹಾರ್ನ್ ಕಟ್ಟಿ ಬಂದವನು. ಈಗ ಊರ ಬಸ್‌ನಿಲ್ದಾಣದ ಎದುರು ರೇಡಿಯೊ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಎಣಿಸದೆ ಸ್ಕ್ರೂ ತಿರುಗಿಸುವವನಲ್ಲ. ಮೊದಲು ಅಕ್ಕನನ್ನು ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಬೇಕಾದ ಸ್ವರ ಹೊರಡಿಸುವ ತನ್ನ ಪರೀಕ್ಷೆಯ ಯಂತ್ರದಿಂದ ಒಂದೊಂದೇ ಸ್ವರ ಕೇಳಿಸಿದ. ಕೇಳಿಸಿದಾಗ ಕೈ ಎತ್ತು ಎಂದಿದ್ದ. ಸೆಕೆಂಡಿಗೆ ಮುನ್ನೂರು ಕಂಪನದ ಸ್ವರಕ್ಕೆ ಅವಳು ಕೈ ಎತ್ತಿದಳು. ನಾಲ್ಕುನೂರಕ್ಕೆ, ಆರುನೂರಕ್ಕೆ ಎತ್ತಿದಳು. ಎಂಟುನೂರಕ್ಕೆ ಕೈ ಅರ್ಧಕ್ಕೆ ನಿಂತಿತು. ಅದರ ಮೇಲಿನ ಯಾವುದಕ್ಕೂ ಅವಳ ಕೈ ತೊಡೆಯಿಂದ ಏಳಲಿಲ್ಲ.

ಜೀಪಿನ ಸೈರನ್ನಿನ ಸ್ವರ ಆರುನೂರರಿಂದ ಸಾವಿರದ ಐದುನೂರಕ್ಕೆ ಏರಿ ಮತ್ತೆ ಇಳಿಯುತ್ತಿತ್ತು. ಒಂದು ಏರಿಳಿತಕ್ಕೆ ಆರು ಸೆಕೆಂಡು. ಆ ಆರರಲ್ಲಿ ದುರುಗವ್ವನ ಕಿವಿಯ ಎಟುಕಿನಲ್ಲಿ ಇದ್ದದ್ದು ಒಂದು ಸೆಕೆಂಡಿಗಿಂತ ಚೂರು ಹೆಚ್ಚು. ಉಳಿದ ಕೂಗೆಲ್ಲ ಅವಳ ಮಟ್ಟಿಗೆ ವ್ಯರ್ಥ. ವಿರುಪಣ್ಣ ಚೀಟಿಯ ಮೇಲೆ ಭಾಗಾಕಾರ ಮಾಡಿ ನೋಡಿದ. ಏರಿಳಿತವನ್ನೇ ತೆಗೆದುಹಾಕಿ, ನಾಲ್ಕುನೂರರ ಮೇಲೆ ಒಂದೇ ಸಮನೆ ನಿಲ್ಲಿಸಿದರೆ ಆರಕ್ಕೆ ಆರೂ ಸೆಕೆಂಡು ಅವಳದು. ಅದಲ್ಲದೆ ದೂರ ಹೋದಂತೆ ಮೇಲಿನ ಸ್ವರ ಗಾಳಿಯಲ್ಲಿ ಬೇಗ ಸಾಯುತ್ತದೆ, ಕೆಳಗಿನದು ಉಳಿಯುತ್ತದೆ. ದಂಡೆಯಿಂದ ಗಡ್ಡಿಗೆ ಏಳುನೂರು ಮೀಟರ್. ಎಲ್ಲ ಬಗೆಯಿಂದಲೂ ಲೆಕ್ಕ ಕೂಡಿಬಂತು.

ಎರಡು ಸಾವಿರದ ಏಳನೆಯ ಇಸವಿಯ ಜೂನ್ ತಿಂಗಳು, ಹೊಳೆ ಇನ್ನೂ ಬತ್ತಿದ್ದಾಗಲೇ, ಅವನು ಜೀಪನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಕೆಲಸಕ್ಕೆ ಕೂತ. ಬ್ಯಾಟರಿಯಿಂದ ಸೈರನ್ನಿಗೆ ಬರುತ್ತಿದ್ದ ವೈರು ಹೊಲಿಯುವ ದಾರದಷ್ಟು ತೆಳ್ಳಗಿತ್ತು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇದ್ದದ್ದು ಕೂಗುವಾಗ ಡಬ್ಬಿಗೆ ಹತ್ತೂವರೆಯಾಗಿ ಮುಟ್ಟುತ್ತಿತ್ತು. ಅದನ್ನು ಕಿತ್ತು ಬೆರಳು ದಪ್ಪದ ವೈರು ಎಳೆದು ನಡುವೆ ಸ್ವಿಚ್ಚಿನಂಥ ಒಂದು ರಿಲೇ ಕೂರಿಸಿದ. ಅಷ್ಟರಿಂದಲೇ ದನಿಯ ಶಕ್ತಿ ನೂರಕ್ಕೆ ನಲವತ್ತರಷ್ಟು ಹೆಚ್ಚಿತು. ಅಂಗೈಯಗಲದ ಪ್ಲಾಸ್ಟಿಕ್ ಹಾರ್ನ್ ತೆಗೆದು, ತನ್ನ ಮೈಕ್‌ಸೆಟ್ಟಿನ ಕಾಲದ ಇಪ್ಪತ್ತು ಅಂಗುಲದ ಅಲ್ಯೂಮಿನಿಯಂ ಹಾರ್ನನ್ನು ಜೀಪಿನ ಮಾಡಿನ ಮೇಲೆ ಬೋಲ್ಟು ಹಾಕಿ ಬಿಗಿದ. ಬಾಯಿ ಅಗಲವಿಲ್ಲದೆ ತಗ್ಗಿನ ದನಿ ಹೊರಗೆ ಬರುವುದಿಲ್ಲ. ಹಾರ್ನಿನ ಹಿಂದೆ ದನಿ ಹೊರಡಿಸುವ ಯೂನಿಟ್ಟನ್ನೂ ಬದಲಿಸಿದ. ಕೊನೆಗೆ ಡಬ್ಬಿ ಬಿಚ್ಚಿ, ಸ್ವರವನ್ನು ಏರಿಳಿಸುವ ಭಾಗವನ್ನು ಬೋರ್ಡಿನಿಂದ ಬೆಸುಗೆ ಬಿಡಿಸಿ ತೆಗೆದು, ಕಂಡೆನ್ಸರ್ ಬದಲಿಸಿ, ನಾಲ್ಕುನೂರಕ್ಕೆ ಕಟ್ಟಿಹಾಕಿದ. ಮೈಕು ಕೂಡ ಸುಧಾರಿಸಿತು. ಆದರೆ ಮಾತು ಮಾತಾಗಿ ತಿಳಿಯುವುದು ಮುನ್ನೂರು ಮೀಟರಿನ ತನಕ ಮಾತ್ರ ಎಂಬುದು ಅವನಿಗೆ ಗೊತ್ತಿತ್ತು. ಗಡ್ಡಿಗೆ ಹೋಗಬೇಕಾದದ್ದು ಸೈರನ್ ಒಂದೇ.

ಪರೀಕ್ಷೆಯ ದಿನ ಅಕ್ಕನನ್ನು ದಂಡೆಯ ಮೇಲೆ ಇನ್ನೂರು ಹೆಜ್ಜೆ ದೂರದಲ್ಲಿ, ಜೀಪಿಗೆ ಬೆನ್ನು ಮಾಡಿ ನಿಲ್ಲಿಸಿದ. ಜೀಪಿನ ಚಾಲಕ ಯಂಕೋಬ ಗುಂಡಿ ಒತ್ತಿದ. ತುಂಬಿದ ಕೊಡದೊಳಗಿಂದ ಬಂದಂತೆ ದಪ್ಪನೆಯ ದನಿಯೊಂದು ಎದ್ದು ಹೊಳೆಯ ಮೇಲೆ ಹರಿದುಹೋಯಿತು. ದುರುಗವ್ವನ ಕೈ ತಟ್ಟನೆ ಮೇಲೆದ್ದಿತು. ಐದು ಸಲ ಒತ್ತಿದರು. ಐದು ಸಲವೂ ಕೈ ಎದ್ದಿತು.

ವಿರುಪಣ್ಣ ಅವಳ ಕಡೆಗೆ ಓಡಿಹೋದ. ಅವನು ಓಡಿದ್ದನ್ನು ಊರು ನೋಡಿ ಬಹಳ ವರ್ಷವಾಗಿತ್ತು.

"ಕೇಳಸ್ತೇನಕ್ಕಾ?"

"ಕೇಳಸದೇನು? ಎದಿಗೇ ಬಂದು ಬಡೀತು," ಎಂದಳು. "ಗಿರಣಿ ಭೋಂಗಾದ ತಂಗೀನ ಕಟ್ಟಿಕೊಂಡು ಬಂದಿ ಅಲ್ಲೋ ತಮ್ಮಾ!"

ಯಂಕೋಬ ಜೀಪಿನಿಂದಲೇ ಕೂಗಿದ: "ಹೌದ್ರಿ ಯವ್ವಾ, ಅಕ್ಕ ಗಿರಣ್ಯಾಗ, ತಂಗಿ ಪಂಚಾಯಿತ್ಯಾಗ. ವಿರುಪಣ್ಣಾರ ಇಬ್ಬರಿಗೂ ಒಂದ ಸೀರಿ ಉಡಿಸ್ಯಾರ!"

ಮೂವರೂ ನಕ್ಕರು. ವಿರುಪಣ್ಣ ಅದನ್ನು ಹೊಗಳಿಕೆ ಎಂದು ತೆಗೆದುಕೊಂಡ. ಗಿರಣಿಯ ಭೋಂಗಾ ಎಂದರೆ ಆ ಭಾಗದಲ್ಲಿ ದನಿಗಳಿಗೆಲ್ಲ ದೊಡ್ಡ ದನಿ. ದಿನವೂ ಮಧ್ಯಾಹ್ನ ಒಂದು ಗಂಟೆಗೆ ಅದು ಕೂಗಿದರೆ ಗಿರಣಿಯ ಆಳುಗಳಷ್ಟೇ ಅಲ್ಲ, ಮೂರು ಕಿಲೋಮೀಟರ್ ಸುತ್ತಿನ ಗದ್ದೆಗಳಲ್ಲಿ ನಾಟಿ ಮಾಡುವವರು, ಕಳೆ ಕೀಳುವವರು, ಗಡ್ಡಿಯವರು, ಎಲ್ಲರೂ ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದರು. ಗಡಿಯಾರ ಕಟ್ಟಿಕೊಂಡವರು ಕೂಡ ಅದನ್ನೇ ನಂಬುತ್ತಿದ್ದರು. ಅಂಥ ದನಿಗೆ ತನ್ನ ಕೈಕೆಲಸವನ್ನು ಹೋಲಿಸಿದಾಗ ಯಾವ ಮೆಕ್ಯಾನಿಕ್ ಬೇಸರಪಟ್ಟಾನು? ಕೇಳಿಸಿತೇ ಎಂದು ಅವನು ಕೇಳಿದ. ಏನೆಂದು ಕೇಳಿಸಿತು ಎಂದು ಕೇಳಲಿಲ್ಲ.

ಜುಲೈ ತಿಂಗಳ ಕೊನೆಯ ವಾರ ಅಣೆಕಟ್ಟು ತುಂಬಿತು. ಗಡ್ಡಿಯಲ್ಲಿ ಕೊನೆಯ ಕೊಯ್ಲಿನ ಮೆಣಸಿನಕಾಯಿ ಉಳಿದಿದ್ದವು. ಇನ್ನೆರಡು ದಿನದಲ್ಲಿ ಕಿತ್ತು ಮುಗಿಸಿದರೆ ದೀಪಾವಳಿಯ ತನಕ ಆ ಕಡೆ ಹೋಗುವ ಕೆಲಸವಿಲ್ಲ. ಆ ವರ್ಷದ ಮೊದಲ ನೀರಿನ ಫೋನ್ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂತು. ಹನ್ನೆರಡೂವರೆಗೆ ಬಾಗಿಲು ಎತ್ತುತ್ತಾರೆ. ಒಂದೂವರೆಗೆ ನೀರು ಊರ ಮುಂದೆ.

ವಿರುಪಣ್ಣ ಅಂಗಡಿಗೆ ಬಾಗಿಲು ಹಾಕಿ ಜೀಪು ಹತ್ತಿದ. ಅಕ್ಕ ಬೆಳಿಗ್ಗೆಯೇ ಶಾಹಜಾದಬಿಯ ಜೊತೆ ಗಡ್ಡಿಗೆ ಹೋಗಿದ್ದಳು. ಅವನ ಮನಸ್ಸಿನಲ್ಲಿ ಅಂಜಿಕೆ ಇರಲಿಲ್ಲ. ಒಂದು ಬಗೆಯ ಆತುರವಿತ್ತು. ತಿಂಗಳೊಪ್ಪತ್ತಿನ ಕೆಲಸ ಇಂದು ಪರೀಕ್ಷೆಗೆ ನಿಲ್ಲುತ್ತಿತ್ತು.

ಎಮ್ಮಿಗಡ್ಡಿಯ ಎದುರು ಜೀಪು ನಿಂತಾಗ ಹನ್ನೆರಡು ಐವತ್ತು. ಯಂಕೋಬ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿದ. ದನಿ ಬಂಡೆಗಳ ಮೇಲೆ ಹಾಯ್ದು, ಜೇಕಿನ ಗೋಡೆಯನ್ನು ದಾಟಿ ಹೋಯಿತು. ಹರಗೋಲು ಗಡ್ಡಿಯಿಂದ ದಂಡೆಗೆ ಬರಲು ಹತ್ತು ನಿಮಿಷ ಸಾಕು. ನಲವತ್ತು ನಿಮಿಷ ಕೈಯಲ್ಲಿತ್ತು.

"ಇನ್ನೇನ್ರಿ, ಅಕ್ಕಾರು ಬಂದ್ರು ಅಂತ ತಿಳೀರಿ," ಎಂದ ಯಂಕೋಬ.

ವಿರುಪಣ್ಣ ಜೇಕಿನ ನಡುವೆ ಹರಗೋಲು ಹೊರಬರುವ ಕಂಡಿಯ ಮೇಲೆ ಕಣ್ಣಿಟ್ಟು ನಿಂತ. ಐದು ನಿಮಿಷವಾಯಿತು. ಹರಗೋಲು ಬರಲಿಲ್ಲ.

"ಕಿತ್ತ ಮೆಣಸಿನಕಾಯಿ ಚೀಲಕ್ಕ ತುಂಬತಿರಬೇಕ್ರಿ. ಬಿಟ್ಟು ಬರಾಕ ಜೀವ ಬರಬೇಕಲ್ಲ ಹೆಣ್ಣುಮಕ್ಕಳಿಗೆ."

"ಇನ್ನೊಮ್ಮೆ ಒತ್ತು."

ಯಂಕೋಬ ಒತ್ತಿದ. ಕಂಡಿಯಲ್ಲಿ ಕೊಕ್ಕರೆಯೊಂದು ಕಾಲು ಬದಲಿಸಿತೇ ಹೊರತು ಬೇರೇನೂ ಅಲುಗಲಿಲ್ಲ. ಇನ್ನೂ ಐದು ನಿಮಿಷ ಹೋಯಿತು. ಈಗ ವಿರುಪಣ್ಣನೇ ಜೀಪಿನೊಳಗೆ ಕೈ ಚಾಚಿ ಗುಂಡಿ ಒತ್ತಿದ. ಇಪ್ಪತ್ತರ ತನಕ ಎಣಿಸಿ ಬೆರಳು ತೆಗೆದ.

ದನಿ ನಿಲ್ಲಲಿಲ್ಲ.

ಗುಂಡಿ ಅಂಟಿಕೊಂಡಿರಬೇಕೆಂದು ಅವನು ಬಗ್ಗಿ ನೋಡಿದ. ಗುಂಡಿ ಮೇಲೆ ಬಂದಿತ್ತು. ರಿಲೇಯ ಮೇಲೆ ಬೆರಳಿಟ್ಟ, ಅದು ಬಿಟ್ಟುಕೊಂಡಿತ್ತು. ಹಾರ್ನಿನ ಮೇಲೆ ಅಂಗೈ ಇಟ್ಟ, ಲೋಹ ಸುಮ್ಮನಿತ್ತು. ದನಿ ಮಾತ್ರ ಅದೇ ದಪ್ಪದಲ್ಲಿ, ಅದೇ ಎತ್ತರದಲ್ಲಿ, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲದೆ ಹೊಳೆಯ ಮೇಲೆ ಸಾಗುತ್ತಿತ್ತು. ಅದು ಹಿಂದಿನಿಂದ, ಗಂಗಾವತಿ ರಸ್ತೆಯ ಕಡೆಯಿಂದ ಬರುತ್ತಿತ್ತು. ಸಮಯ ಒಂದು ಗಂಟೆ.

"ಭೋಂಗಾ ಆತು ನೋಡ್ರಿ," ಎಂದ ಯಂಕೋಬ. ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು.

ಗಡ್ಡಿಯಲ್ಲಿ ಏನು ನಡೆಯುತ್ತಿರಬೇಕೆಂದು ವಿರುಪಣ್ಣನಿಗೆ ಕಣ್ಣೆದುರು ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಅವನು ಮೈಕ್ ಕಿತ್ತುಕೊಂಡು ಒದರಿದ: "ಅಕ್ಕಾ! ಶಾಹಜಾದಬೀ! ಹೊಳಿ ಬಂತು, ಏಳ್ರಿ! ಉಣಬ್ಯಾಡ್ರಿ, ಏಳ್ರಿ!" ಹೊಳೆಯ ಗಾಳಿ ಎದುರಿನಿಂದ ಬೀಸುತ್ತಿತ್ತು. ಮುನ್ನೂರು ಮೀಟರಿನ ಆಚೆ ತನ್ನ ಮಾತು ಬರಿ ಗೊಣಗಾಗಿ ಬೀಳುತ್ತದೆ ಎಂಬ ಲೆಕ್ಕ ಅವನದೇ. ಸೈರನ್ನನ್ನು ಮೊದಲಿನ ಏರಿಳಿತಕ್ಕೆ ತಿರುಗಿಸೋಣವೆಂದರೆ ಅದನ್ನು ಬೋರ್ಡಿನಿಂದ ತೆಗೆದವನೂ ಅವನೇ. ಆ ಭಾಗ ಅಂಗಡಿಯಲ್ಲಿ ಇತ್ತು. ಗುಂಡಿಯನ್ನು ತುಂಡು ತುಂಡಾಗಿ, ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಒತ್ತಿದ. ಕಂಡಿ ಖಾಲಿಯಾಗಿಯೇ ಇತ್ತು.

"ಅಂಬಿಗನ್ನ ಕರಕೊಂಡು ಬಾ. ಹರಗೋಲು ಜೀಪಿನ ಮ್ಯಾಲ ಹೊರಿಸಿಕೊಂಡು ಬಾ. ಹೋಗು, ಹೋಗು!"

ಅಂಬಿಗನ ಮನೆ ಮೂರು ಕಿಲೋಮೀಟರ್ ಮೇಲಿತ್ತು. ಯಂಕೋಬ ಜೀಪನ್ನು ಕಲ್ಲು ಮುಳ್ಳು ನೋಡದೆ ಓಡಿಸಿದ. ವಿರುಪಣ್ಣ ಬಂಡೆಯಿಂದ ಬಂಡೆಗೆ ಇಳಿದು, ಮಡುವಿನ ಅಂಚಿನ ತನಕ ಹೋಗಿ ನಿಂತ. ಆ ಮಡುವನ್ನು ಈಜಿ ದಾಟಿದವರ ಹೆಸರು ಊರಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದ. ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಕಾಲ ಕೆಳಗಿನ ಬಂಡೆಯ ಬಣ್ಣ ಬದಲಾಯಿತು. ಮೇಲಿನ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ಯಂಕೋಬನೂ ಅಂಬಿಗನೂ ಬಂದು ತಲುಪಿದಾಗ ಒಂದು ಇಪ್ಪತ್ತೆಂಟು. ಅಂಬಿಗ ಹೊಳೆಯನ್ನೊಮ್ಮೆ ನೋಡಿ, ಹರಗೋಲನ್ನು ಜೀಪಿನಿಂದ ಇಳಿಸಲಿಲ್ಲ.

ಶಾಹಜಾದಬಿಯನ್ನು ಎರಡು ಕಿಲೋಮೀಟರ್ ಕೆಳಗೆ, ಹರಗೋಲು ಬಂಡೆಗೆ ಬಡಿದು ಮಗುಚಿದಲ್ಲಿ, ದನ ಕಾಯುವವರು ಎಳೆದು ದಂಡೆಗೆ ಹಾಕಿದರು. ದುರುಗವ್ವ ಮೂರನೆಯ ದಿನ ಸಿಕ್ಕಳು.

ಮಣ್ಣು ಮಾಡಿದ ಮರುದಿನ ಶಾಹಜಾದಬಿ ಬಂದಳು. ಅವಳ ಬಲಗೈಗೆ ಪಟ್ಟಿ ಕಟ್ಟಿತ್ತು. ಮನೆಯ ಕಟ್ಟೆಯ ಮೇಲೆ ಕೂತು, ಕೇಳುವ ಮೊದಲೇ ಹೇಳತೊಡಗಿದಳು.

"ನಾ ಕೇಳಿದ್ನಣ್ಣಾ. ಕೇಳಿಲ್ಲಂತ ಸುಳ್ಳ ಹೇಳಂಗಿಲ್ಲ. ಭೋಂಗಾ ಇವತ್ತ ಜಲ್ದಿ ಆತಲ್ಲ ಅಂದೆ. ದುರುಗಕ್ಕಗ ಏನು ಖುಷಿ! 'ಏ ಶಾಹಜಾದಿ, ನನಗ ಇಲ್ಲೀತನಾನೂ ಕೇಳಸ್ತು ನೋಡೇ, ಕಿವಿ ಸುಧಾರಸಾಕ ಹತ್ಯಾವ' ಅಂತ ಕುಣದಾಡಿದಳು. ಗಡ್ಡ್ಯಾಗ ಆಕಿಗೆ ಭೋಂಗಾ ಅಷ್ಟು ಛಲೋ ಯಾವತ್ತೂ ಕೇಳಸಿದ್ದಿಲ್ಲ. ನಾನ ಕೈ ಮಾಡಿ ಉಣ್ಣಾಕ ಕರೀತಿದ್ದೆ. ಅವತ್ತು ಆಕೀನ ನನ್ನ ಕರದ್ಳು."

ವಿರುಪಣ್ಣ ಕಂಬಕ್ಕೆ ಒರಗಿ ಕೂತ.

"ರೊಟ್ಟಿ, ಪುಂಡಿಪಲ್ಲೆ ಬಿಚ್ಚಿದ್ವಿ. ಮತ್ತ ಭೋಂಗಾ ಆತು. ಆಮ್ಯಾಲ ತುಂಡು ತುಂಡು ಹೊಡೀತು. ಗಿರಣ್ಯಾಗ ಏನೋ ಕೆಟ್ಟೈತಿ, ಬಿಕ್ಕಳಿಕೆ ಹತ್ತೇತಿ ಅಂತ ನಕ್ವಿ ನಾವು. ಉಂಡು ನಾ ಗಂಗಾಳ ತೊಳ್ಯಾಕ ಹರಗೋಲಿನ ಕಡೆ ಹೋದೆ. ನೀರು ಬಂದಿದ್ದು ಅಲ್ಲೇ ಕಂಡೆ. ಒದರಿದೆ ಅಣ್ಣಾ. ಹತ್ತು ಸಲ ಒದರಿದೆ. ನನ್ನ ದನಿ ಆಕಿಗೆ ಎಲ್ಲಿ ಮುಟ್ಟಬೇಕು? ಬೆನ್ನ ಮಾಡಿ ಕೂತು ಚೀಲದ ಬಾಯಿ ಕಟ್ಟತಿದ್ದಳು. ನಾ ಹರಗೋಲಿನ ಹಗ್ಗ ಬಿಟ್ಟು ಆಕಿ ಕಡೆ ಓಡಬೇಕಿತ್ತು. ಬಿಡಲಿಲ್ಲ. ಹರಗೋಲು ನನ್ನೂ ಎಳಕೊಂಡು ಹೋತು."

ಅವಳು ಎಡಗೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವನಿಗೆ ಸಮಾಧಾನವಾಗಲೆಂದು ಮತ್ತೊಂದು ಮಾತು ಹೇಳಿದಳು: "ಹೊಟ್ಟಿ ತುಂಬ ಉಂಡಿದ್ಳಣ್ಣಾ. ಭಾಳ ಖುಷೀಲೆ ಇದ್ಳು."

ಆ ಮಾತಿನ ನಂತರ ವಿರುಪಣ್ಣ ಎದ್ದು ಒಳಗೆ ಹೋದ. ಅವಳು ಕಟ್ಟೆಯ ಮೇಲೆ ಇನ್ನೂ ಅರ್ಧ ತಾಸು ಕೂತಿದ್ದು ಹೊರಟುಹೋದಳು.

ಮಾರನೆಯ ದಿನ ಅವನು ಸುತ್ತಿಗೆ, ಸ್ಪ್ಯಾನರ್, ಬೆಸುಗೆ ಕಡ್ಡಿ, ಬೋರ್ಡಿನಿಂದ ತೆಗೆದಿದ್ದ ಆ ಭಾಗ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಪಂಚಾಯಿತಿಗೆ ಹೋದ. ಹತ್ತು ನಿಮಿಷದ ಕೆಲಸ. ಹಂಪಣ್ಣ ಜೀಪಿಗೆ ಅಡ್ಡ ನಿಂತ.

"ವಿಚಾರಣಿ ಮುಗಿಯೋತನಾ ಅದನ್ನ ಮುಟ್ಟಂಗಿಲ್ಲ ವಿರುಪಣ್ಣ. ಪುರಾವೆ ಅದು."

"ಆ ದನಿ ತಪ್ಪೈತ್ರಿ ಹಂಪಣ್ಣಾರ. ಅದು ಸೈರನ್ ಅಲ್ಲ, ಭೋಂಗಾ. ಮೊದಲಿನ ಹಂಗ ಮಾಡಿ ಕೊಡ್ತೀನಿ."

"ಮೊದಲಿಂದು ಗಡ್ಡಿಗೆ ಮುಟ್ಟತಿತ್ತೇನು?"

"ಶಾಹಜಾದಬಿಗೆ ಮುಟ್ಟತಿತ್ತು. ಕಿವಿಗೊಟ್ಟು ಕೇಳಿ ತಿಳೀತಿದ್ಳು."

"ನಿಮ್ಮ ಅಕ್ಕಗ?"

ವಿರುಪಣ್ಣ ಚೀಲವನ್ನು ಹೆಗಲಿನಿಂದ ಕೆಳಗೆ ಇಳಿಸಿದ.

"ಗಡ್ಡಿಗೆ ಮುಟ್ಟಿದ ದನಿ ಇದೊಂದ ಅಲ್ಲೇನೋ ತಮ್ಮಾ," ಎಂದ ಹಂಪಣ್ಣ, ಈ ಸಲ ಮೆತ್ತಗೆ. "ಊರ ಮಂದಿ ಎಲ್ಲಾ ಅದನ್ನ ಹೇಳ್ತಾರ. ವಿರುಪಣ್ಣ ತನ್ನ ಕೈಲಾದ್ದು ಮಾಡ್ಯಾನ, ಆಕೀ ಹಣೇಬರ ಅಂತಾರ. ನಿನ್ನ ಮ್ಯಾಲ ಯಾರೂ ಬೆರಳು ಮಾಡಿಲ್ಲ. ಸಾಣಾಪುರದ ಕಡಿಯವರು ತಮ್ಮ ಗಾಡಿಗೂ ಇಂಥಾದ್ದ ಬೇಕಂತ ನಿನ್ನೆ ಮಂದೀನ ಕಳಿಸಿದ್ರು."

ಆ ವಾರವೇ ಎರಡನೆಯ ಸಲ ನೀರು ಬಿಟ್ಟರು. ಜೀಪು ದಂಡೆಯ ಮೇಲೆ ಅದೇ ದನಿಯಲ್ಲಿ ಕೂಗುತ್ತ ಹೋಯಿತು. ಗಡ್ಡಿಗಳಲ್ಲಿ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಕೂತಿದ್ದ ವಿರುಪಣ್ಣನಿಗೆ, ಗೋಡೆಯ ಗಡಿಯಾರ ನೋಡದೆ, ಕೂಗಿದ್ದು ಗಿರಣಿಯೋ ಜೀಪೋ ಗೊತ್ತಾಗಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಪಂಚಾಯಿತಿಯ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆದುಕೊಂಡ. ಯಂಕೋಬ ಸೈರನ್ ಕೂಗಿಸಿದ್ದಾಗಿ ಹೇಳಿದ. ಶಾಹಜಾದಬಿ ಅದು ಕೇಳಿಸಿದ್ದಾಗಿ ಹೇಳಿ, ಭೋಂಗಾದ ಮಾತು ತೆಗೆದು ಅಳತೊಡಗಿದಳು. ಅವಳಿಗೆ ನೀರು ಕೊಟ್ಟು ಕಳುಹಿಸಿದರು. ವಿರುಪಣ್ಣನ ಸರದಿ ಕೊನೆಗೆ ಬಂತು. ಅವನು ಚೀಟಿಯ ಮೇಲೆ ಎಲ್ಲವನ್ನೂ ಬರೆದುಕೊಂಡು ಬಂದಿದ್ದ: ಮೊದಲಿನ ಸ್ವರ ಎಷ್ಟಿತ್ತು, ಅದನ್ನು ಎಷ್ಟಕ್ಕೆ ತಂದ, ಏಕೆ ತಂದ, ಗಿರಣಿಯ ಭೋಂಗಾದ ಸ್ವರ ಎಷ್ಟು, ಇನ್ನೂರು ಹೆಜ್ಜೆಯಲ್ಲಿ ಕೇಳಿಸುವುದಕ್ಕೂ ಏಳುನೂರು ಮೀಟರಿನಲ್ಲಿ ಕೇಳಿಸುವುದಕ್ಕೂ ಏನು ಭೇದ. ಅಧಿಕಾರಿ ಒಳ್ಳೆಯ ಮನುಷ್ಯ. ಪೂರ್ತಿ ಕೇಳಿದ. ಆಮೇಲೆ ಕನ್ನಡಕ ತೆಗೆದು ಒರೆಸಿದ.

"ನಿಮ್ಮ ಸಂಕಟ ತಿಳೀತದ ನನಗ. ಆದರ ಇದರಾಗ ಬರೆಯೂವಂಥಾದ್ದು ಏನೈತಿ ಹೇಳ್ರಿ. ಮಿಷನ್ ಕೆಟ್ಟಿತ್ತೇನು?"

"ಇಲ್ರಿ."

"ದನಿ ಕಡಿಮಿ ಇತ್ತೇನು?"

"ಇಲ್ರಿ. ಹೆಚ್ಚಾಗಿತ್ತು."

"ಮತ್ತ?"

ವಿರುಪಣ್ಣನ ಬಳಿ ಆ 'ಮತ್ತ'ಕ್ಕೆ ಅಂಕಿಗಳಿದ್ದವು. ಅಂಕಿಗಳು ಎಲ್ಲಿ ಕೂಡುತ್ತವೆಯೋ ಆ ಜಾಗದಲ್ಲಿ ತನ್ನ ಅಕ್ಕ ಬುತ್ತಿ ಬಿಚ್ಚಿ ಕೂತಿದ್ದಳು ಎಂಬುದನ್ನು ಹೇಗ್ಹೇಗೆ ಹೇಳಿದರೂ ಅದು ಹೇಳಿಕೆಯಾಗುತ್ತಿರಲಿಲ್ಲ. ಅವನು ಚೀಟಿಯನ್ನು ಮಡಿಸಿದ.

ಗುಮಾಸ್ತ ಬರೆದದ್ದನ್ನು ಓದಿ ಹೇಳಿದ. ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ಎಚ್ಚರಿಕೆಯ ಸೈರನ್ ಕೂಗಿಸಲಾಯಿತು. ಸದರಿ ಧ್ವನಿಯು ನಡುಗಡ್ಡೆಯಲ್ಲಿದ್ದ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಅನಂತರವೂ ಅನೇಕ ಬಾರಿ ಕೂಗಿಸಲಾಯಿತು. ಮೃತಳು ಸ್ಥಳ ಬಿಟ್ಟು ಹೊರಡಲಿಲ್ಲ. ಉಪಕರಣದಲ್ಲಿ ಯಾವ ದೋಷವೂ ಕಂಡುಬಂದಿಲ್ಲ.

ವಿರುಪಣ್ಣ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಸುಳ್ಳು ಎಲ್ಲಿದೆ ಎಂದು ಹುಡುಕಿದ. ಐದು ವಾಕ್ಯ. ಐದೂ ನಿಜವಾಗಿದ್ದವು. ಮತ್ತೊಮ್ಮೆ ಮೊದಲಿನಿಂದ ಓದಿದ. ಗುಮಾಸ್ತ ಪೆನ್ನು ಮುಂದೆ ಚಾಚಿಕೊಂಡು ಕಾಯುತ್ತಿದ್ದ. ವಿರುಪಣ್ಣ ಸಹಿ ಮಾಡಿ ಎದ್ದು ಬಾಗಿಲ ತನಕ ಬಂದಿದ್ದ. ತಾರೀಖು ಬಿಟ್ಟಿದ್ದೀರಿ ಎಂದು ಗುಮಾಸ್ತ ಕರೆದ. ಅವನು ಮರಳಿ ಬಂದು ತಾರೀಖು ಹಾಕಿದ.